ಕರಿಯದ ಕೋಡುಬಳೆ: ಕೊಬ್ಬರಿಯ ಲೆಕ್ಕ ಮತ್ತು ಲೇಬಲ್ಲಿನ ನಿಯಮ

ಕೊಬ್ಬರಿಗೆ ಹೆಸರಾದ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯಲ್ಲಿ ಕೋಡುಬಳೆಯ ಹಿಟ್ಟಿಗೆ ಕೊಬ್ಬರಿ ಸೇರಿಸುವುದು ವಾಡಿಕೆ. ಆರೋಗ್ಯದ ಕಾಳಜಿಯುಳ್ಳ ಗ್ರಾಹಕರಿಗಾಗಿ ಅದನ್ನು ಎಣ್ಣೆಯಲ್ಲಿ ಕರಿಯದೆ, ಓವನ್ನಿನಲ್ಲಿ ಬೇಯಿಸಿ ಮಾರಬಯಸುವ ಉತ್ಪಾದಕರು ಮೊದಲು ಒಂದು ಲೆಕ್ಕವನ್ನು ಗಮನಿಸುವುದು ಅಗತ್ಯ.

ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರದ 2018ರ ನಿಯಮಾವಳಿಯಂತೆ, ಘನ ಆಹಾರದ 100 ಗ್ರಾಂನಲ್ಲಿ ಕೊಬ್ಬಿನಂಶವು 3 ಗ್ರಾಂ ಮೀರದಿದ್ದರೆ ಮಾತ್ರ ಪೊಟ್ಟಣದ ಮೇಲೆ 'ಕಡಿಮೆ ಕೊಬ್ಬು' ಎಂದು ಮುದ್ರಿಸಬಹುದು. ಕೊಬ್ಬರಿಯಲ್ಲಿ ಸುಮಾರು ಶೇ. 65ರಷ್ಟು ಎಣ್ಣೆಯಿರುತ್ತದೆ. ಆದುದರಿಂದ 100 ಗ್ರಾಂ ಕೋಡುಬಳೆಯಲ್ಲಿ 10 ಗ್ರಾಂ ಕೊಬ್ಬರಿಯಿದ್ದರೆ, ಬೇರೆ ಎಣ್ಣೆಯನ್ನು ಮುಟ್ಟದಿದ್ದರೂ, ಕೊಬ್ಬು 6.5 ಗ್ರಾಂ ಆಗುತ್ತದೆ.

ಹಾಗೆಂದು ದಾರಿ ಮುಚ್ಚಿಲ್ಲ. ಕರಿದ ಕೋಡುಬಳೆಗಿಂತ ಕೊಬ್ಬು ಕನಿಷ್ಠ ಶೇ. 25ರಷ್ಟು ಇಳಿದಿದ್ದಲ್ಲಿ, ನಿಯಮಗಳಿಗೆ ಒಳಪಟ್ಟು, ಆ ಹೋಲಿಕೆಯನ್ನು ಲೇಬಲ್ಲಿನಲ್ಲಿ ಹೇಳಬಹುದು. ಎರಡು ಬಗೆಯನ್ನೂ ಪ್ರಯೋಗಾಲಯದಲ್ಲಿ ಪರೀಕ್ಷಿಸಿ, ವರದಿಯನ್ನು ಕಡತದಲ್ಲಿಡುವುದು ಕ್ಷೇಮ. 2006ರ ಆಹಾರ ಸುರಕ್ಷತಾ ಕಾಯ್ದೆಯಂತೆ ತಪ್ಪು ಲೇಬಲ್ಲಿಗೆ 3 ಲಕ್ಷ ರೂಪಾಯಿವರೆಗೆ, ದಾರಿ ತಪ್ಪಿಸುವ ಜಾಹೀರಾತಿಗೆ 10 ಲಕ್ಷ ರೂಪಾಯಿವರೆಗೆ ದಂಡ ವಿಧಿಸಲು ಅವಕಾಶವಿದೆ. ಸಣ್ಣ ಘಟಕವೊಂದರ ವರ್ಷದ ಲಾಭವೇ ಇದರಲ್ಲಿ ಕರಗಬಹುದು.

ತೆರಿಗೆಯ ವಿಷಯದಲ್ಲಿ ಅನುಕೂಲವೊಂದಿದೆ. ಲೇಬಲ್ ಹಚ್ಚಿದ ಪೊಟ್ಟಣದ ಖಾರದ ತಿಂಡಿಗಳ ಜಿ.ಎಸ್.ಟಿ. ದರವು 2025ರ ಸೆಪ್ಟೆಂಬರ್ 22ರಿಂದ ಶೇ. 12ರಿಂದ ಶೇ. 5ಕ್ಕೆ ಇಳಿದಿದೆ. ಬಿಡಿ ತಿಂಡಿಗೆ ಮೊದಲೇ ಶೇ. 5 ಇದ್ದುದರಿಂದ, ಪೊಟ್ಟಣದಲ್ಲಿ ಮಾರುವವರ ಮೇಲಿದ್ದ ಹೆಚ್ಚಿನ ಹೊರೆ ಈಗ ನೀಗಿದೆ. ಹೊಸ ಪೊಟ್ಟಣಗಳನ್ನು ಮುದ್ರಣಕ್ಕೆ ಕೊಡುವ ಮುನ್ನ ಪರೀಕ್ಷಾ ವರದಿಯನ್ನು ಪಡೆಯುವುದು ಲೇಸು.