ಬಳಕೆದಾರನ ಹೆಸರಿನ ಉದ್ದ: ಯುನಿಕ್ಸ್ ವ್ಯವಸ್ಥೆಗಳಲ್ಲಿ ಒಂದು ಸಂಖ್ಯೆಯ ವಿಚಾರ

ಯುನಿಕ್ಸ್ ಸಂಪ್ರದಾಯದ ಗಣಕಗಳಲ್ಲಿ ಪ್ರತಿಯೊಬ್ಬ ಬಳಕೆದಾರನಿಗೂ ಒಂದು ಲಾಗಿನ್ ಹೆಸರುಂಟು. ಆ ಹೆಸರಿನ ಉದ್ದಕ್ಕೆ ಒಂದು ಮೇರೆಯೂ ಉಂಟು. ಮೂಲ ಪ್ರೋಗ್ರಾಮಿನಲ್ಲಿ ಈ ಮೇರೆಯು ಒಂದು ಸಾಲಿನ ಸಂಖ್ಯೆ ಮಾತ್ರ. 8 ಇದ್ದಲ್ಲಿ 16 ಎಂದು ತಿದ್ದಿದರೆ ಸಾಲದೆ ಎಂದು ವಿದ್ಯಾರ್ಥಿಗಳು ಕೇಳಬಹುದು. ಸಾಲದು. ಏಕೆಂಬುದನ್ನು ಫ್ರೀಬಿಎಸ್‌ಡಿ ವ್ಯವಸ್ಥೆಯ ನಿದರ್ಶನದಿಂದ ವಿವರಿಸಲು ಯತ್ನಿಸುತ್ತೇವೆ.

ಕಡತಗಳ ಒಡೆತನವನ್ನು ವ್ಯವಸ್ಥೆಯು ಹೆಸರಿನಿಂದಲ್ಲ, ಬಳಕೆದಾರನ ಕ್ರಮಸಂಖ್ಯೆಯಿಂದ ಗುರುತಿಸುತ್ತದೆ. ಹೆಸರನ್ನೂ ಸಂಖ್ಯೆಯನ್ನೂ ಜೋಡಿಸುವ ಪಾಸ್‌ವರ್ಡ್ ಕಡತದಲ್ಲಿ ಅಂಶಗಳ ನಡುವೆ ಕೋಲನ್ ಚಿಹ್ನೆಯಿರುವುದರಿಂದ ಅಲ್ಲಿ ಹೆಸರು ಉದ್ದವಾದರೂ ಬಾಧಕವಿಲ್ಲ. ತೊಡಕಿರುವುದು ಯಾರು ಯಾವಾಗ ಪ್ರವೇಶಿಸಿದರೆಂದು ಬರೆದಿಡುವ ದಾಖಲೆಯಲ್ಲಿ. 1979ರ ಏಳನೆಯ ಆವೃತ್ತಿಯ ಯುನಿಕ್ಸ್‌ನಲ್ಲಿ ಇಂತಹ ಒಂದೊಂದು ದಾಖಲೆಗೂ 20 ಬೈಟುಗಳು: ಟರ್ಮಿನಲ್ಲಿಗೆ 8, ಹೆಸರಿಗೆ 8, ಕಾಲಕ್ಕೆ 4. ನಡುವೆ ಯಾವ ಚಿಹ್ನೆಯೂ ಇಲ್ಲ; ಓದುವ ಪ್ರೋಗ್ರಾಮು ಬೈಟುಗಳನ್ನು ಎಣಿಸಿಕೊಂಡೇ ಓದಬೇಕು. ಎಂಟಕ್ಕೆ ಮೀರಿದ ಅಕ್ಷರಗಳು ಕತ್ತರಿಸಿಹೋಗುತ್ತವೆ. ನಮ್ಮ ಕಡೆಯ ಹೆಸರುಗಳನ್ನೇ ತೆಗೆದುಕೊಳ್ಳೋಣ. ವೆಂಕಟರಮಣ ಎಂಬುದು ರೋಮನ್ ಲಿಪಿಯ ರೂಢಿಯ ಬರವಣಿಗೆಯಲ್ಲಿ 13 ಅಕ್ಷರ, ವೆಂಕಟರಾವ್ ಎಂಬುದು 10; ಮೊದಲ ಎಂಟು ಅಕ್ಷರಗಳು ಎರಡರಲ್ಲಿಯೂ ಒಂದೇ. ಆ ದಾಖಲೆಯಲ್ಲಿ ಇಬ್ಬರೂ ಒಬ್ಬರೇ ಆಗುತ್ತಾರೆ. ಒಂದು ಅಕೃತ್ಯ ನಡೆದು, ಆ ಹೊತ್ತಿನಲ್ಲಿ ಗಣಕದಲ್ಲಿದ್ದವರು ಯಾರೆಂದು ವಿಚಾರಿಸಬೇಕಾದಾಗ ಈ ದಾಖಲೆಯಿಂದ ಉತ್ತರ ದೊರೆಯದು.

ಬರ್ಕ್‌ಲಿಯವರು ದೂರದ ಗಣಕದ ಹೆಸರಿಗೆಂದು 16 ಬೈಟುಗಳನ್ನು ಸೇರಿಸಿದ ಮೇಲೆ ದಾಖಲೆಯು 36 ಬೈಟುಗಳಾಯಿತು. ಇದರಲ್ಲಿ ಹೆಸರಿನ ಸ್ಥಳವನ್ನು 16ಕ್ಕೆ ಹಿಗ್ಗಿಸಿದರೆ ಒಟ್ಟು 44. ಈಗ ಹೊಸ ಪ್ರೋಗ್ರಾಮು ಹಳೆಯ ಕಡತವನ್ನು ಓದಿತೆನ್ನೋಣ. ದೂರದ ಗಣಕದ ಹೆಸರಿನ ಮೊದಲರ್ಧವು ಬಳಕೆದಾರನ ಹೆಸರಿಗೆ ಅಂಟಿಕೊಳ್ಳುತ್ತದೆ. ಎರಡನೆಯ ದಾಖಲೆಯ ಟರ್ಮಿನಲ್ ಹೆಸರಿನ ಕೊನೆಯ 4 ಬೈಟುಗಳು ಮೊದಲನೆಯವನ ಪ್ರವೇಶಕಾಲವಾಗಿಬಿಡುತ್ತವೆ! ಮುಂದಿನ ಪ್ರತಿ ದಾಖಲೆಯಲ್ಲಿಯೂ ಇನ್ನೂ 8 ಬೈಟುಗಳಷ್ಟು ಸರಿತ. ಯಂತ್ರವು ಇದನ್ನು ದೋಷವೆಂದು ತಿಳಿಸುವುದೂ ಇಲ್ಲ, ಅದಕ್ಕೆ ಎಲ್ಲವೂ ಬೈಟುಗಳೇ. ಇದರ ಮೇಲೆ, ಅನೇಕ ಪ್ರೋಗ್ರಾಮುಗಳು ಸಾಮಾನ್ಯ ವ್ಯಾಖ್ಯೆಯನ್ನು ನೋಡದೆ 15, 20 ಎಂದು ತಮಗೆ ತೋಚಿದ ಸಂಖ್ಯೆಗಳನ್ನು ಒಳಗೇ ಬರೆದುಕೊಂಡಿದ್ದವು. ಅಂತಹವುಗಳಲ್ಲಿ ಉದ್ದದ ಹೆಸರು ತನ್ನ ಸ್ಥಳವನ್ನು ಮೀರಿ ಪಕ್ಕದ ಸ್ಮೃತಿಯನ್ನು ಕೆಡಿಸಬಹುದು.

ಫ್ರೀಬಿಎಸ್‌ಡಿಯಲ್ಲಿ 2.2ರ ಸರಣಿಯವರೆಗೂ ಮೇರೆಯು 8 ಆಗಿತ್ತು. 1998ರ 3.0ರಲ್ಲಿ ಅದು 16 ಆಯಿತು; ಸ್ವಂತ ಸಂಖ್ಯೆಗಳನ್ನಿಟ್ಟುಕೊಂಡಿದ್ದ ಉಪಕರಣಗಳನ್ನು ಹುಡುಕಿ ತಿದ್ದಿದ ಮೇಲೆಯೇ ಇದು ಸಾಧ್ಯವಾದದ್ದು. 2012ರ 9.0ರಲ್ಲಿ ದಾಖಲೆಯ ರೂಪವೇ ಬದಲಾಯಿತು. ಪ್ರೋಗ್ರಾಮುಗಳು ಕಡತದ ಬೈಟುಗಳನ್ನು ತಾವೇ ಎಣಿಸುವುದರ ಬದಲು ಗ್ರಂಥಾಲಯದ ಕಾರ್ಯವಿಧಿಗಳ ಮೂಲಕ ಕೇಳತೊಡಗಿದವು. ಹೆಸರಿಗೆ 32 ಬೈಟುಗಳ ಸ್ಥಳ ದೊರೆಯಿತು. ಇದರಿಂದ ಯಾರ ಹೆಸರೂ ಅಂದೇ ಉದ್ದವಾಗಲಿಲ್ಲ. ಆದರೂ ಮೂರು ಬದಲಾವಣೆಗಳಲ್ಲಿ ಇದೇ ಮುಖ್ಯವಾದದ್ದೆಂದು ನಮ್ಮ ಅಭಿಪ್ರಾಯ. ಏಕೆಂದರೆ 2014ರ 10.0ರಲ್ಲಿ ಕರ್ನಲಿನ ಮೇರೆಯನ್ನು 32ಕ್ಕೆ ಏರಿಸುವ ಹೊತ್ತಿಗೆ ದಾಖಲೆಯಲ್ಲಿ ಎಡೆ ಸಿದ್ಧವಾಗಿತ್ತು. ವ್ಯಾಖ್ಯೆಯಲ್ಲಿ ಕಾಣುವ ಸಂಖ್ಯೆ 33. ಹೆಸರಿನ ಅಂತ್ಯವನ್ನು ಸೂಚಿಸುವ ಶೂನ್ಯ ಬೈಟಿಗೂ ಅದರಲ್ಲಿ ಸ್ಥಳವುಂಟೆಂಬುದನ್ನು ಮರೆಯಬಾರದು.

ಈ ಸಂಖ್ಯೆಯನ್ನು ತಾವೇ ತಿದ್ದಬಯಸುವ ವಿದ್ಯಾರ್ಥಿಗಳು ಕರ್ನಲನ್ನೂ ಉಪಕರಣಗಳನ್ನೂ ಹೊರಗಿನಿಂದ ತಂದ ಪ್ರೋಗ್ರಾಮುಗಳನ್ನೂ ಒಟ್ಟಿಗೆ ಮರುಸಂಕಲನ ಮಾಡತಕ್ಕದ್ದು. ಪ್ರಯೋಗಕ್ಕೆ ಬೇರೊಂದು ಗಣಕವಿದ್ದರೆ ಒಳ್ಳೆಯದು.