‘ಮಿರರ್‌ಲೆಸ್’ ಕ್ಯಾಮೆರಾ: ಅಭಾವವಾಚಕ ಹೆಸರೊಂದರ ಕನ್ನಡ ರೂಪಗಳು

ಮಸೂರ ಬದಲಿಸಬಹುದಾದ, ಒಳಗೆ ಪ್ರತಿಫಲಕ ಕನ್ನಡಿಯಿಲ್ಲದ ಡಿಜಿಟಲ್ ಕ್ಯಾಮೆರಾಗಳು ಪಿರಿಯಾಪಟ್ಟಣ, ಹುಣಸೂರು, ಕೃಷ್ಣರಾಜನಗರಗಳ ಮದುವೆಮನೆಗಳಲ್ಲಿಯೂ ಎಚ್.ಡಿ. ಕೋಟೆಯ ಕಬಿನಿ ಹಿನ್ನೀರಿನ ಸಫಾರಿ ವಾಹನಗಳಲ್ಲಿಯೂ ಈಗ ಅಪರೂಪವಲ್ಲ. ಬಳಸುವವರ ಬಾಯಲ್ಲಿ ಅದು ‘ಮಿರರ್‌ಲೆಸ್’. ಕನ್ನಡದಲ್ಲಿ ತಾಂತ್ರಿಕ ಬರಹ ಬರೆಯುವವರು ಮಾತ್ರ ಈ ಪದದ ಮುಂದೆ ತಡೆದು ನಿಲ್ಲಬೇಕಾಗುತ್ತದೆ. ‘ದರ್ಪಣರಹಿತ’, ‘ಕನ್ನಡಿರಹಿತ’, ‘ಕನ್ನಡಿಯಿಲ್ಲದ’ ಎಂಬ ಮೂರೂ ರಚನೆಗಳು ಸಾಧ್ಯವಿದ್ದು, ಪಾರಿಭಾಷಿಕ ಕೋಶವು ಯಾವುದನ್ನು ಉಲ್ಲೇಖವಾಗಿ ಸ್ವೀಕರಿಸಬೇಕೆಂಬುದು ಇಲ್ಲಿ ನಮ್ಮ ಪ್ರಶ್ನೆ.

ಹೆಸರಿನ ತೊಡಕು ಮೊದಲು ಹುಟ್ಟಿದ್ದು ಇಂಗ್ಲಿಷಿನಲ್ಲಿ. ಪ್ಯಾನಾಸೋನಿಕ್ ಸಂಸ್ಥೆಯ ಲ್ಯೂಮಿಕ್ಸ್ ಜಿ1 2008ರಲ್ಲಿ ಬಂದ ಮೇಲೆ ‘ಎಂಐಎಲ್‌ಸಿ’, ‘ಡಿಎಸ್‌ಎಲ್‌ಎಂ’, ‘ಕಾಂಪ್ಯಾಕ್ಟ್ ಸಿಸ್ಟಂ ಕ್ಯಾಮೆರಾ’ ಮುಂತಾದ ಹೆಸರುಗಳು ಸ್ಪರ್ಧಿಸಿದವು. ‘ಇವಿಲ್’ ಎಂಬ ಕಿಡಿಗೇಡಿ ಸಂಕ್ಷೇಪವೂ ಅವುಗಳಲ್ಲಿತ್ತು. ಕೊನೆಗೆ ಉಳಿದದ್ದು ‘ಮಿರರ್‌ಲೆಸ್’. ತರ್ಕದ ದೃಷ್ಟಿಯಿಂದ ಇದು ದೋಷಪೂರ್ಣ. 1925ರಲ್ಲಿ ಮಾರುಕಟ್ಟೆಗೆ ಬಂದ ಲೈಕಾದಲ್ಲಿಯೂ ಕನ್ನಡಿಯಿರಲಿಲ್ಲ. ಮೊಬೈಲಿನ ಕ್ಯಾಮೆರಾದಲ್ಲಿಯೂ ಇಲ್ಲ. ಹೆಸರು ವಸ್ತುವಿನ ಗುಣವನ್ನು ಹೇಳದೆ ಪ್ರತಿಸ್ಪರ್ಧಿಯ ಅಂಗವೊಂದರ ಅಭಾವವನ್ನು ಹೇಳುತ್ತದೆ. ಆ ಪ್ರತಿಸ್ಪರ್ಧಿಯ ಹೆಸರಿನಲ್ಲಿರುವ ‘ರಿಫ್ಲೆಕ್ಸ್’ ಎಂಬುದು ಮಸೂರದಿಂದ ಬಂದ ಬೆಳಕನ್ನು ವ್ಯೂಫೈಂಡರಿನತ್ತ ತಿರುಗಿಸುವ ಕನ್ನಡಿಯನ್ನೇ ಸೂಚಿಸುವುದರಿಂದ ಇಂಗ್ಲಿಷ್ ಭಾಷಿಕನಿಗೆ ಈ ವಿರೋಧ ಊಹೆಗೆ ನಿಲುಕೀತು. ಕನ್ನಡ ಭಾಷಿಕನಿಗೆ ‘ಡಿಎಸ್‌ಎಲ್‌ಆರ್’ ಎಂಬುದು ಬಿಡಿಸಲಾಗದ ನಾಲ್ಕು ಅಕ್ಷರಗಳು. ಎಂದೂ ಹೇಳದೆ ಇದ್ದ ಕನ್ನಡಿಯನ್ನು ನಾವು ನಿರಾಕರಿಸಹೊರಟಿದ್ದೇವೆ.

ರಚನೆಗಳನ್ನು ಗಮನಿಸೋಣ. ‘ದರ್ಪಣರಹಿತ’ ವ್ಯಾಕರಣಶುದ್ಧ, ಆದರೆ ಕ್ಯಾಮೆರಾ ದುರಸ್ತಿ ಮಾಡುವವರು ಒಳಗಿನ ಕನ್ನಡಿಯನ್ನು ದರ್ಪಣವೆನ್ನುವುದಿಲ್ಲ. ‘ಕನ್ನಡಿರಹಿತ’ ಅರಿಸಮಾಸ. ಬಿರುದಾವಳಿಯಂಥ ರೂಢಿಯ ಪ್ರಯೋಗಗಳನ್ನು ಬಿಟ್ಟರೆ ದೇಸಿ ಪದವನ್ನು ಸಂಸ್ಕೃತ ಪದದೊಡನೆ ಸಮಾಸ ಮಾಡಕೂಡದೆಂದು 13ನೆಯ ಶತಮಾನದ ಕೇಶಿರಾಜನ ಮತ. (ಆತನ ಗ್ರಂಥದ ಹೆಸರೇ ‘ಶಬ್ದಮಣಿದರ್ಪಣ’ವಾಗಿರುವುದು ಇಲ್ಲಿ ಕಾಕತಾಳೀಯ.) ಇಂದಿನ ಬರವಣಿಗೆ ಈ ನಿಷೇಧವನ್ನು ದಾಟಿದೆ: ‘ಹೊಗೆರಹಿತ ಒಲೆ’, ‘ಹೊಗೆರಹಿತ ತಂಬಾಕು’ ಎಂಬವು ಯಾರಿಗೂ ಕಿವಿಗೆ ಕರ್ಕಶವಲ್ಲ. ‘ರಹಿತ’ವು ಪ್ರತ್ಯಯದಂತೆ ವರ್ತಿಸತೊಡಗಿದೆಯೆಂಬುದು ನಮ್ಮ ಅಭಿಪ್ರಾಯ. ಎರಡನೆಯ ಉದಾಹರಣೆಯಲ್ಲಿ ‘ತಂಬಾಕು’ ಬದಲಿಗೆ ಅಚ್ಚಗನ್ನಡದ ‘ಹೊಗೆಸೊಪ್ಪು’ ಇಟ್ಟರೆ ‘ಹೊಗೆರಹಿತ ಹೊಗೆಸೊಪ್ಪು’ ಎಂಬ ಸ್ವವಿರೋಧ ಎದುರಾಗುತ್ತದೆ. ಅವಯವಗಳ ಅರ್ಥ ಪಾರದರ್ಶಕವಾಗಿರುವುದು ಯಾವಾಗಲೂ ಲಾಭವಲ್ಲ.

ಹೊಸ ಪದಗಳನ್ನು ಕನ್ನಡದ್ದೇ ಬೇರುಗಳಿಂದ ಕಟ್ಟಬೇಕೆಂಬ ಡಿ.ಎನ್. ಶಂಕರ ಭಟ್ಟರ ವಾದಕ್ಕೆ ‘ಕನ್ನಡಿಯಿಲ್ಲದ ಕ್ಯಾಮೆರಾ’ ಹತ್ತಿರದ್ದು. ಆದರೆ ಇದು ಪದವಲ್ಲ, ಪದಪುಂಜ. ಅವಧಾರಣೆಯ ‘ಏ’ ಸೇರಿಸಿದರೆ ‘ಕನ್ನಡಿಯೇ ಇಲ್ಲದ ಕ್ಯಾಮೆರಾ’ ಸಹಜವಾಗಿ ಒಡೆಯುತ್ತದೆ, *‘ಕನ್ನಡಿಯೇರಹಿತ’ ಅಸಾಧ್ಯ. ಮೇಲಾಗಿ ‘ಕನ್ನಡಿಯಿಲ್ಲದ ಕ್ಯಾಮೆರಾ’ ಎಂದಾಗ ಕನ್ನಡಿ ಕಳಚಿಹೋದ ಕ್ಯಾಮೆರಾವೆಂಬ ಅರ್ಥಕ್ಕೂ ಅವಕಾಶವಿದೆ. ಪದಕ್ಕೆ ಪದವಿಟ್ಟು ತಮಿಳಿಗೆ ಒಯ್ದರೆ ಅಪಾಯ ಇನ್ನೂ ಹೆಚ್ಚು: ಅಲ್ಲಿ ‘ಕಣ್ಣಾಡಿ’ ಗಾಜೂ ಹೌದಾದ್ದರಿಂದ ಮಸೂರವೇ ಇಲ್ಲವೆಂಬ ಅರ್ಥ ಹೊರಡಬಹುದು.

ಇನ್ನು ಆಡುಮಾತಿನ ‘ಮಿರರ್‌ಲೆಸ್’. ‘ಬಸ್ಸು, ಬಸ್ಸಿನಲ್ಲಿ’ ಎಂಬಂತೆ ‘ಮಿರರ್‌ಲೆಸ್ಸು, ಮಿರರ್‌ಲೆಸ್ಸಿನಲ್ಲಿ’ ಎಂದು ದ್ವಿತ್ವ, ಉಕಾರ, ವಿಭಕ್ತಿಗಳನ್ನು ಪಡೆದು ವಿಶೇಷಣವು ನಾಮಪದವಾಗಿದೆ. ‘ಸ್ಟೇನ್‌ಲೆಸ್ ಸ್ಟೀಲ್’ ಎಂಬಲ್ಲಿ ವಿಶೇಷಣ ಬಿದ್ದು ‘ಸ್ಟೀಲ್ ಪಾತ್ರೆ’ ಉಳಿದರೆ, ಇಲ್ಲಿ ವಿಶೇಷ್ಯ ಬಿದ್ದು ವಿಶೇಷಣ ಉಳಿದಿದೆ. ಪಾತ್ರೆಯ ವಿರೋಧ ಹಿತ್ತಾಳೆ, ಅಲ್ಯೂಮಿನಿಯಂಗಳೊಡನೆ. ಕ್ಯಾಮೆರಾದ ವಿರೋಧ ಇನ್ನೊಂದು ಬಗೆಯ ಕ್ಯಾಮೆರಾದೊಡನೆ. ಎರಡರಲ್ಲಿಯೂ ಉಳಿಯುವುದು ಭೇದಕ ಅಂಶವೇ.

ಎರವಲು ಪದದ ಅರ್ಥ ಸಂಕುಚಿತವಾಗುವುದಕ್ಕೆ ಪಿರಿಯಾಪಟ್ಟಣದ ಹೊಲಗಳಲ್ಲಿಯೇ ನಿದರ್ಶನವಿದೆ. ಇಂಗ್ಲಿಷಿನ ‘ಬಾರ್ನ್’ ರೈತನ ಯಾವುದೇ ಉಗ್ರಾಣ. ಇಲ್ಲಿನ ವರ್ಜೀನಿಯಾ ತಂಬಾಕು ಬೆಳೆಗಾರರ ‘ಬ್ಯಾರನ್’ ಎಲೆಯನ್ನು ಬಿಸಿಗಾಳಿಯಲ್ಲಿ ಹದಗೊಳಿಸುವ ಕಟ್ಟಡ ಮಾತ್ರ. ‘ಮಿರರ್‌ಲೆಸ್’ ಕೂಡ ಹಾಗೆಯೇ. ಅದರೊಳಗಿನ ಕನ್ನಡಿ ಕನ್ನಡದ ಕಿವಿಗೆ ಕೇಳಿಸದ ಕಾರಣ ಲೈಕಾ, ಮೊಬೈಲುಗಳ ಆಕ್ಷೇಪ ಇಲ್ಲಿ ಏಳುವುದಿಲ್ಲ. ಇಂಗ್ಲಿಷಿನಲ್ಲಿದ್ದ ದೋಷ ಎರವಲಾಗುವಾಗ ಕಳಚಿಬಿದ್ದಿದೆ. ಅನುವಾದಿಸಿದರೆ ಆ ದೋಷವನ್ನು ನಾವಾಗಿಯೇ ಮರಳಿ ತಂದಂತಾಗುತ್ತದೆ.

ಆದ್ದರಿಂದ ಕೋಶದ ಉಲ್ಲೇಖವಾಗಿ ‘ಮಿರರ್‌ಲೆಸ್ ಕ್ಯಾಮೆರಾ’ ಇರಲಿ, ‘ಕನ್ನಡಿಯಿಲ್ಲದ’ ಎಂಬುದು ಅದರ ವಿವರಣೆಯಲ್ಲಿ ಬರಲಿ ಎಂಬುದು ನಮ್ಮ ಸೂಚನೆ. ಈ ಹೆಸರೂ ಬಹುಕಾಲ ನಿಲ್ಲಲಿಕ್ಕಿಲ್ಲ. ಡಿಜಿಟಲ್ ಬಂದ ಮೇಲೆ ಹಳೆಯದಕ್ಕೆ ‘ರೀಲ್ ಕ್ಯಾಮೆರಾ’ ಎಂಬ ಹೆಸರು ಬಿದ್ದಂತೆ, ಡಿಎಸ್‌ಎಲ್‌ಆರ್ ವಿರಳವಾದೊಡನೆ ಹೊಸದು ಬರಿಯ ‘ಕ್ಯಾಮೆರಾ’ ಆಗಿ, ಹಳೆಯದಕ್ಕೇ ಭೇದಕ ಬೇಕಾದೀತು. ಆಗ ‘ಕನ್ನಡಿ ಕ್ಯಾಮೆರಾ’ ಎನ್ನಲು ವ್ಯಾಕರಣದ ಯಾವ ಅಡ್ಡಿಯೂ ಇಲ್ಲ.