ಕಷ್ಟಕಾಲದಲ್ಲಿ ನಿತ್ಯನ ನೆನಹು

ಕಷ್ಟ ಬಂದೊಡನೆ ಮನುಷ್ಯನಲ್ಲಿ ಮೊದಲು ಕದಡುವುದು ಅವನ ಕಾಲಪ್ರಜ್ಞೆ. ಆಸ್ಪತ್ರೆಯ ಹೊರಗೆ ಕಾದು ನಿಂತವನಿಗೆ ಒಂದು ಗಳಿಗೆ ಒಂದು ಯುಗವಾಗುತ್ತದೆ. ಸ್ಥಿರವೆಂದು ನಂಬಿದ್ದ ಉದ್ಯೋಗ, ಆರೋಗ್ಯ, ಬಂಧುಬಳಗ ಎಲ್ಲವೂ ಒಮ್ಮೆಗೇ ಅಸ್ಥಿರವಾಗಿ ತೋರುತ್ತವೆ. ಇಂತಹ ಸಮಯದಲ್ಲಿ ನಮ್ಮ ಹಿರಿಯರು ಆಶ್ರಯಿಸಿದುದು ಭಗವಂತನು ನಿತ್ಯನೆಂಬ ಭಾವನೆಯನ್ನು. ಇದರ ಅರ್ಥವೇನು, ನೊಂದ ಮನಸ್ಸಿಗೂ ದೇಹಕ್ಕೂ ಇದು ಹೇಗೆ ನೆರವಾಗುತ್ತದೆ, ಇದರ ಮಿತಿ ಎಲ್ಲಿದೆ ಎಂಬುದು ವಿಚಾರಯೋಗ್ಯವಾದುದು.

ನಿತ್ಯತೆಯ ಅರ್ಥ

ನಿತ್ಯನೆಂದರೆ ಬಹುಕಾಲ ಬದುಕುವವನೆಂದಲ್ಲ. ಪುರಾಣಗಳ ಲೆಕ್ಕದಲ್ಲಿ ಬ್ರಹ್ಮನ ಒಂದು ಹಗಲು 432 ಕೋಟಿ ವರ್ಷ. ಆದರೂ ಅವನ ಆಯುಸ್ಸಿಗೆ ಕೊನೆಯುಂಟು. ದೀರ್ಘಾಯುಷ್ಯವು ಕಾಲದ ಒಳಗಿನದು; ನಿತ್ಯತೆಯು ಕಾಲಕ್ಕೆ ಅಧೀನವಾಗದುದು. ಮಧ್ವಾಚಾರ್ಯರು ತತ್ತ್ವವನ್ನು ಸ್ವತಂತ್ರ, ಅಸ್ವತಂತ್ರ ಎಂದು ವಿಂಗಡಿಸಿ, ಸ್ವತಂತ್ರನು ಭಗವಂತನೊಬ್ಬನೇ ಎಂದು ಸಾರಿದರು. 12ನೆಯ ಶತಮಾನದ ಅಕ್ಕಮಹಾದೇವಿಯು ಲೌಕಿಕ ಬಂಧನವನ್ನು ತೊರೆದು, ಸಾವಿಗೆ ಅತೀತನಾದ ಚೆನ್ನಮಲ್ಲಿಕಾರ್ಜುನನನ್ನೇ ಪತಿಯೆಂದು ವರಿಸಿದಳು. ಇವರ ದಾರಿಗಳು ಬೇರೆ. ಅಳಿಯದುದರ ಮೇಲೆ ಭಾರ ಹಾಕುವ ಧೈರ್ಯ ಒಂದೇ.

ಬದಲಾಗದವನು ನಮ್ಮ ಕಣ್ಣೀರಿಗೆ ಕರಗುವನೆ ಎಂಬ ಸಂದೇಹ ಸಹಜ. ಅವನ ಸ್ವರೂಪದಂತೆ ಅವನ ಕರುಣೆಯೂ ನಿತ್ಯವೆಂಬುದು ಭಕ್ತರ ಉತ್ತರ. ಮನುಷ್ಯರ ಮಮತೆಗೆ ದೂರ, ದಣಿವು, ಮರಣಗಳು ಅಡ್ಡ ಬರಬಹುದು. ಆ ಕರುಣೆಗೆ ಅವು ಅಡ್ಡಿಯಲ್ಲ.

ಹಂಪೆಯ ಪಾಠ

ಸಿರಿವಂತಿಕೆಯನ್ನು ತೊರೆದು ದಾಸರಾದರೆಂದು ಪರಂಪರೆ ಹೇಳುವ ಪುರಂದರದಾಸರು 1564ರಲ್ಲಿ ಕಾಲವಾದರು. ಮರುವರ್ಷದ ಜನವರಿಯಲ್ಲಿ ತಾಳಿಕೋಟೆಯ ಯುದ್ಧ ನಡೆದು ವಿಜಯನಗರ ಹಾಳಾಯಿತು. ಹಂಪೆಯ ವಿಠಲ ದೇವಾಲಯದಲ್ಲಿ ಇಂದು ನಿತ್ಯಪೂಜೆಯಿಲ್ಲ. ನೋಡಲು ಬರುವವರು ಶಿಲ್ಪವನ್ನು ಕಂಡು ಹಿಂತಿರುಗುತ್ತಾರೆ. ಆದರೆ ವಿಠಲನ ಅಂಕಿತವುಳ್ಳ ಪದಗಳು ದೂರದ ದೆಹಲಿಯ ಕನ್ನಡ ಮನೆಗಳಲ್ಲಿಯೂ ಕೇಳಿಬರುತ್ತವೆ. ಗುಡಿ ಬಿದ್ದಿತು, ಸಾಮ್ರಾಜ್ಯ ಅಳಿಯಿತು, ನಾಮ ಉಳಿಯಿತು.

ರಾಜಧಾನಿಯ ಕಹಿ ದಿನಗಳು

2020ರ ಮಾರ್ಚಿಯಲ್ಲಿ ಪ್ರಯಾಣಿಕರ ರೈಲುಗಳು ನಿಂತವು. ಮೇ 25ರವರೆಗೆ ದೇಶದೊಳಗಿನ ಸಾಮಾನ್ಯ ವಿಮಾನ ಸಂಚಾರವೂ ಇರಲಿಲ್ಲ. ಆ ದಿನಗಳಲ್ಲಿ ಊರಿನಲ್ಲಿ ತಂದೆತಾಯಿ ತೀರಿಕೊಂಡರೆ ಇಲ್ಲಿಂದ ಹೊರಟು ತಲುಪುವುದೇ ದುಸ್ತರವಾಯಿತು. 2021ರ ಏಪ್ರಿಲ್-ಮೇ ತಿಂಗಳುಗಳಲ್ಲಿ ದೆಹಲಿಯು ಆಮ್ಲಜನಕಕ್ಕಾಗಿ ಪರದಾಡಿತು. ಚಿತಾಗಾರಗಳ ಮುಂದೆ ಸಾಲು ನಿಂತಿತು. ಕೊನೆಯ ಗಳಿಗೆಯಲ್ಲಿ ಕೈಹಿಡಿಯಲಾರದೆ ಹೋದವರ ದುಃಖದಲ್ಲಿ ಅಪರಾಧಿ ಭಾವನೆಯೂ ಬೆರೆತಿರುತ್ತದೆ. ನಿತ್ಯನ ಚಿಂತನೆ ಸಾಂತ್ವನ ನೀಡುವುದು ಇಲ್ಲಿಯೇ. ಮಗನು ತಲುಪದ ಕಡೆಯಲ್ಲಿ ಸರ್ವವ್ಯಾಪಿಯಾದವನು ಇದ್ದೇ ಇದ್ದನು. ಅಗಲಿದವರು ಒಂಟಿಯಾಗಿ ಹೋಗಲಿಲ್ಲ. ಈ ನಂಬಿಕೆಯು ಅಳುವನ್ನು ತಡೆಯುವುದಿಲ್ಲ, ತಡೆಯಲೂ ಬಾರದು. ಅಳುವವನಿಗೆ ಒರಗಲು ಒಂದು ಆಸರೆಯನ್ನು ಮಾತ್ರ ಒದಗಿಸುತ್ತದೆ.

ದೇಹದ ಮೇಲಿನ ಪರಿಣಾಮ

ವಿಶ್ರಾಂತಿಯಲ್ಲಿರುವ ವಯಸ್ಕನು ಸಾಮಾನ್ಯವಾಗಿ ನಿಮಿಷಕ್ಕೆ 12ರಿಂದ 20 ಸಲ ಉಸಿರಾಡುತ್ತಾನೆ. ಭಯದಲ್ಲಿ ಈ ಗತಿ ಹೆಚ್ಚುತ್ತದೆ, ಎದೆಬಡಿತ ಏರುತ್ತದೆ, ನಿದ್ರೆ ಕೆಡುತ್ತದೆ. 2001ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟವಾದ ಒಂದು ಸಣ್ಣ ಅಧ್ಯಯನದಲ್ಲಿ, ಕ್ರೈಸ್ತರ ಜಪಮಾಲೆಯ ಪ್ರಾರ್ಥನೆಯನ್ನಾಗಲಿ ಯೋಗಮಂತ್ರವನ್ನಾಗಲಿ ಲಯಬದ್ಧವಾಗಿ ಹೇಳಿದವರ ಉಸಿರು ನಿಮಿಷಕ್ಕೆ ಸುಮಾರು 6ಕ್ಕೆ ಇಳಿದುದು ಕಂಡುಬಂದಿತು. ರಕ್ತದೊತ್ತಡವನ್ನು ಹದದಲ್ಲಿಡುವ ನರವ್ಯವಸ್ಥೆಯ ಸ್ಪಂದನವೂ ಉತ್ತಮಗೊಂಡಿತ್ತು. ಇದು ಯಾವ ದೇವರಿದ್ದಾನೆಂಬುದಕ್ಕೂ ಪ್ರಮಾಣವಲ್ಲ. ನಿಧಾನವಾದ ನಾಮೋಚ್ಚಾರಣೆಯು ದೇಹಕ್ಕೆ ಏಕೆ ಹಿತವೆಂಬುದನ್ನು ಮಾತ್ರ ಇದು ಸೂಚಿಸುತ್ತದೆ.

ಎಚ್ಚರಿಕೆಯ ಮಾತು

ಪ್ರಾರ್ಥನೆಯು ಔಷಧಿಯ ಸ್ಥಾನವನ್ನು ಆಕ್ರಮಿಸಬಾರದು. ಮಧುಮೇಹ, ರಕ್ತದೊತ್ತಡಗಳ ಮಾತ್ರೆಗಳನ್ನು ವ್ರತದ ನೆಪದಲ್ಲಿ ನಿಲ್ಲಿಸುವುದು ಅಪಾಯಕರ. ಎರಡು ವಾರಗಳಿಗೂ ಮೀರಿ ನಿದ್ರೆ, ಹಸಿವು, ಉತ್ಸಾಹಗಳು ಇಲ್ಲವಾದರೆ ಅದನ್ನು ಭಕ್ತಿಯ ಕೊರತೆಯೆಂದು ಹಳಿಯದೆ ವೈದ್ಯರನ್ನು ಕಾಣಬೇಕು. ಸಾವಿನ ಆಲೋಚನೆ ಸುಳಿದರೆ ಒಂದು ದಿನವೂ ತಡಮಾಡಬಾರದು. ದೆಹಲಿಯ ದಿಲ್‌ಶಾದ್ ಗಾರ್ಡನ್‌ನಲ್ಲಿರುವ ಇಹಬಾಸ್ ಮಾನಸಿಕ ಚಿಕಿತ್ಸೆಯ ಸರ್ಕಾರಿ ಸಂಸ್ಥೆ. 2022ರಲ್ಲಿ ಆರಂಭವಾದ ಟೆಲಿ-ಮಾನಸ್ ಸೇವೆಯ ಉಚಿತ ದೂರವಾಣಿ ಸಂಖ್ಯೆ 14416; ಕನ್ನಡದಲ್ಲಿಯೂ ನೆರವು ದೊರೆಯುತ್ತದೆ.

ದುಃಖಕ್ಕೆ ಆದಿಯಿರುವಂತೆ ಅಂತ್ಯವೂ ಉಂಟು, ಆದ್ಯಂತಗಳಿಲ್ಲದವನು ಒಬ್ಬನೇ. ಸಂಜೆ ದೀಪ ಹಚ್ಚಿ ಹತ್ತು ನಿಮಿಷ ಅವನನ್ನು ನೆನೆಯುವುದೂ, ಅದೇ ಸಂಜೆ ನೊಂದ ನೆರೆಯವರ ಬಾಗಿಲು ತಟ್ಟಿ ಕ್ಷೇಮ ವಿಚಾರಿಸುವುದೂ ಒಂದೇ ಪೂಜೆಯ ಎರಡು ಅಂಗಗಳು. ಪರಸ್ಥಳದಲ್ಲಿ ನೆಲೆಸಿದವರಿಗೆ ನಿತ್ಯನ ಕರುಣೆಯು ಅನೇಕ ವೇಳೆ ನೆರೆಯವರ ರೂಪದಲ್ಲಿಯೇ ಬಂದು ತಲುಪುತ್ತದೆ.